ಕೂಲಿ ಕೇಳದ ಪ್ರೀತಿ

ನಮ್ಮ ಊರುಗಳಲ್ಲಿ ಒಬ್ಬನನ್ನು ಹೀನೈಸಬೇಕಾದರೆ ಅವನನ್ನು ನಾಯಿ ಎಂದು ಬೈಯುತ್ತೇವೆ. ದುರವಸ್ಥೆಗೆ ಬಿದ್ದವನದು ನಾಯಿಪಾಡು ಅನ್ನುತ್ತೇವೆ. ಆದರೂ ರಾತ್ರಿಯಲ್ಲಿ ನಮ್ಮ ಬಾಗಿಲನ್ನು ಕಾಯುವದಕ್ಕೆ ಅದೇ ಪ್ರಾಣಿಯನ್ನು ನಂಬುತ್ತೇವೆ. ಐಶ್ವರ್ಯವಂತನ ಬಾಗಿಲಲ್ಲಿ ಬಿದ್ದಿದ್ದ ಲಾಜರನ ಹತ್ತಿರಕ್ಕೆ ಬಂದವುಗಳು ನಾಯಿಗಳೇ ಎಂದು ನೀವು ಓದಿದ್ದೀರಷ್ಟೆ. ಹೀಗಿರಲಾಗಿ ಒಂದು ಪ್ರಶ್ನೆಯನ್ನು ವಿಚಾರಿಸುವದು ಯುಕ್ತವಾಗಿದೆ. ಏನಂದರೆ, ಕೂಲಿ ಕೇಳದೆ ಪ್ರೀತಿಸುವ ಜೀವಕ್ಕೆ ನಾವು ಸಲ್ಲಿಸತಕ್ಕದ್ದು ಏನಾದರೂ ಉಂಟೋ?

ನನ್ನ ಯೌವನದಲ್ಲಿ ನಡೆದ ಒಂದು ಸಂಗತಿಯನ್ನು ಹೇಳುವೆನು. ನಮ್ಮ ಮನೆಯಲ್ಲಿ ಕರಿಯನೆಂಬ ನಾಯಿ ಇತ್ತು. ಒಂದು ದಿನ ಹೊಲದಿಂದ ಬಂದು ನೋಡುವಾಗ ಹಾಲಿನ ಗಡಿಗೆ ಉರುಳಿ ಒಡೆದಿತ್ತು. ನಾಯಿ ಹತ್ತಿರ ನಿಂತಿತ್ತು. ನಾನು ಏನೂ ವಿಚಾರಿಸದೆ ಸೌದೆಯನ್ನು ತೆಗೆದುಕೊಂಡು ಅದರ ಕಾಲಿಗೆ ಹೊಡೆದೆನು. ಗಡಿಗೆಯನ್ನು ಉರುಳಿಸಿದ್ದು ಬೆಕ್ಕೆಂದು ನನ್ನ ತಾಯಿ ಆಮೇಲೆ ತಿಳಿಸಿದಳು. ಸಾಯಂಕಾಲದಲ್ಲಿ ಕರಿಯ ಕುಂಟುತ್ತಾ ಬಂದು, ಬಾಲವನ್ನಾಡಿಸಿ, ಹೊಡೆದ ಕೈಯನ್ನೇ ನೆಕ್ಕಿತು. ಆಗ ನನ್ನ ಮನಸ್ಸಿಗೆ ಸಮಾಧಾನವಾಯಿತು. ಇದು ನನ್ನ ಎರಡನೆಯ ತಪ್ಪು. ಯಾಕಂದರೆ ಅದು ಸಹಿಸಿಕೊಂಡದ್ದರಿಂದ ನಾನು ಮಾಡಿದ ಅನ್ಯಾಯವು ನ್ಯಾಯವಾಗಲಿಲ್ಲ.

ನಾಯಿ ತುತ್ತಿಗಾಗಿ ಬಾಲವನ್ನಾಡಿಸುತ್ತದೆ, ಅದನ್ನು ಪ್ರೀತಿ ಎನ್ನಬಹುದೋ ಎಂದು ಕೆಲವರು ಆಕ್ಷೇಪಿಸುವರು. ಜಪಾನ್ ದೇಶದಲ್ಲಿಯೂ ಈ ಮಾತು ಹುಟ್ಟಿತು. ತೋಕಿಯೋ ಪಟ್ಟಣದಲ್ಲಿ ಉಯೆನೋ ಎಂಬ ಬೇಸಾಯಶಾಸ್ತ್ರದ ಪಂಡಿತನಿಗೆ ಹಾಚಿಕೋ ಎಂಬ ನಾಯಿ ಇತ್ತು. 1925ನೆಯ ಮೇ ತಿಂಗಳಲ್ಲಿ ಅವನು ಕೆಲಸಕ್ಕೆ ಹೋದಲ್ಲಿಯೇ ಸತ್ತನು. ನಾಯಿಯಾದರೋ 1935ನೆಯ ಮಾರ್ಚ್ 8ರಂದು ತಾನು ಸಾಯುವ ತನಕ, ಹೆಚ್ಚುಕಡಿಮೆ ಹತ್ತು ವರುಷ, ಶಿಬುಯಾ ರೈಲು ನಿಲ್ದಾಣಕ್ಕೆ ಬಂದು ಕಾಯುತ್ತಿತ್ತು. ಅಲ್ಲಿ ಸಿಕ್ಕುವ ಸುಟ್ಟ ಕೋಳಿಮಾಂಸದ ಆಶೆಗಾಗಿ ಬಂತೆಂದು ಕೆಲವರು ಅಂದರು. ಅದರ ಹೊಟ್ಟೆಯಲ್ಲಿ ಮಾಂಸ ಚುಚ್ಚುವ ಕಡ್ಡಿಗಳು ಸಿಕ್ಕಿದ್ದೂ ನಿಜವೇ. ಆದರೆ ಕೂಸು ತಾಯಿಯನ್ನು ಮೊದಲು ಅರಿಯುವದು ಹಾಲಿನಿಂದಲೇ. ಆದದರಿಂದ ಅದರ ಪ್ರೀತಿ ಸುಳ್ಳೆಂದು ಯಾರು ಹೇಳಾರು? ತುತ್ತು ಪ್ರೀತಿಯ ಬಾಗಿಲಾಗಿರಬಹುದು, ಬಾಗಿಲೇ ಮನೆಯಲ್ಲ.

ಇನ್ನೊಂದು ಆಕ್ಷೇಪವು ಇದಕ್ಕಿಂತ ಗಟ್ಟಿಯಾದದ್ದು. ನಾಯಿಯು ನೀತಿವಂತನನ್ನು ಹೇಗೋ ಹಾಗೆಯೇ ಕಳ್ಳನನ್ನೂ ಪ್ರೀತಿಸುತ್ತದೆ. ಇದು ಸತ್ಯ. ಆದಕಾರಣ ನಾಯಿ ನಮ್ಮನ್ನು ಪ್ರೀತಿಸುವದು ನಾವು ಒಳ್ಳೆಯವರೆಂಬದಕ್ಕೆ ಸಾಕ್ಷಿಯಾಗಲಾರದು. ಆ ಪ್ರೀತಿಗೆ ನಾವು ಏನು ಪ್ರತಿಮಾಡಿದೆವು ಎಂಬದರಿಂದಲೇ ನಮ್ಮ ಗುಣವು ತಿಳಿದುಬರುವದು.

ಹೀಗೆ ಪ್ರತಿಮಾಡಿದವರು ನಮ್ಮ ನಾಡಿನಲ್ಲಿಯೇ ಇದ್ದರು. ಗಂಗರ ಬೂತುಗನ ಸೇವಕನಾದ ಮಣಲೇರನು ತಕ್ಕೋಲದ ಯುದ್ಧದಲ್ಲಿ ಶೌರ್ಯವನ್ನು ತೋರಿಸಿದಾಗ, ಬೇಕಾದದ್ದನ್ನು ಬೇಡು ಎಂಬ ಮಾತಿಗೆ ಅವನು ಕಾಳಿ ಎಂಬ ಬೇಟೆನಾಯಿಯನ್ನು ಬೇಡಿದನು. ಆ ನಾಯಿ ಒಂದು ದೊಡ್ಡ ಹಂದಿಯೊಡನೆ ಕಾದಾಡಿ, ಎರಡೂ ಸತ್ತವು. ಮಣಲೇರನು ಆತಕೂರಿನಲ್ಲಿ ಅದಕ್ಕಾಗಿ ಕಲ್ಲನ್ನು ನಿಲ್ಲಿಸಿ ಭೂಮಿಯನ್ನೂ ಬಿಟ್ಟನು. ಸುಮಾರು ಕ್ರಿ. ಶ. 950ರ ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಇದಕ್ಕಿಂತ ಹಳೆಯ ದೃಷ್ಟಾಂತವೂ ಉಂಟು. ಜರ್ಮನಿ ದೇಶದ ಬಾನ್ ಪಟ್ಟಣದ ಬಳಿಯಲ್ಲಿ 1914ರಲ್ಲಿ ಒಂದು ಸಮಾಧಿ ಸಿಕ್ಕಿತು. ಸುಮಾರು 14,000 ವರುಷಗಳ ಹಿಂದೆ ಅದರಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ಮತ್ತು ಒಂದು ಎಳೆಯ ನಾಯಿ ಹೂಣಲ್ಪಟ್ಟಿದ್ದವು. ಆ ನಾಯಿ ಕಠಿಣ ರೋಗದಿಂದ ನರಳಿತ್ತೆಂದೂ, ಮನುಷ್ಯರ ಆರೈಕೆ ಇಲ್ಲದಿದ್ದರೆ ಅಷ್ಟು ದಿನ ಬದುಕುತ್ತಿರಲಿಲ್ಲವೆಂದೂ ಅದರ ಹಲ್ಲುಗಳನ್ನು ಪರೀಕ್ಷಿಸಿದ ವಿದ್ವಾಂಸರು ತಿಳಿಸಿದ್ದಾರೆ. ರೋಗದ ಮರಿಯಿಂದ ಅವರಿಗೆ ಯಾವ ಕೆಲಸವಾದೀತು? ಕೂಲಿ ಕೇಳದ ಪ್ರೀತಿಯನ್ನು ಮನುಷ್ಯನೂ ಬಲ್ಲನು.

ಆದದರಿಂದ ಪ್ರಿಯರೇ, ಹೊಲವನ್ನು ಕಾಯ್ದ ನಾಯಿಯನ್ನು ಮುಪ್ಪಿನಲ್ಲಿ ಸಂತೆಯಲ್ಲಿ ಬಿಟ್ಟು ಬರಬೇಡಿರಿ. ಅದಕ್ಕೆ ನೀರಿಡಿರಿ, ಹುಚ್ಚುನಾಯಿ ರೋಗ ತಗಲದಂತೆ ವರುಷ ವರುಷ ಪಶುವೈದ್ಯರಿಂದ ಸೂಜಿಮದ್ದು ಹಾಕಿಸಿರಿ. ಕೇಳುವವನ ಸಾಲವನ್ನು ಭಯದಿಂದ ತೀರಿಸುತ್ತೇವೆ. ಕೇಳದವರ ಸಾಲವನ್ನೋ ಮರೆತುಬಿಡುತ್ತೇವೆ. ಈ ಮಾತು ನಾಯಿಯಲ್ಲಿಯೇ ಮುಗಿಯುವದಿಲ್ಲ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ತಾಯಿಯೂ, ಗದರಿಸಿದರೂ ಮರುದಿನ ಒಲೆ ಹಚ್ಚುವ ಹೆಂಡತಿಯೂ ನಮ್ಮ ಮನೆಗಳಲ್ಲಿ ಇಲ್ಲವೋ? ಈಹೊತ್ತು ಸಾಯಂಕಾಲ ಮನೆಗೆ ತಿರುಗಿ ಹೋಗುವಾಗ, ಬಾಗಿಲಲ್ಲಿ ನಮಗಾಗಿ ಯಾರು ಕಾದಿದ್ದಾರೆಂದು ಸ್ವಲ್ಪ ನಿಂತು ನೋಡೋಣ.