ಹೆಸರಿಲ್ಲದ ಕುಂಟು

ಕೊರಟಗೆರೆ ಹತ್ತಿರದ ನಮ್ಮೂರಲ್ಲಿ ಚಿಕ್ಕಪ್ಪನ ಹಳ್ಳಿಕಾರ್ ಎತ್ತು ಕುಂಟೋಕೆ ಶುರುವಾಗಿ ಮೂರು ತಿಂಗಳಾಗಿತ್ತು. ಗೊರಸು ಕೆತ್ತಿಸಿದ್ದಾಯ್ತು, ಎಕ್ಸ್‌ರೇ ಆಯ್ತು. ಡಾಕ್ಟರು ಗೊರಸಿನಿಂದ ಮೇಲಕ್ಕೆ ಹಂತಹಂತವಾಗಿ ಕಾಲು ಮರಗಟ್ಟಿಸಿ ನಡೆಸಿಯೂ ನೋಡಿದರು. ಎಲ್ಲಿ ಕುಂಟು ನಿಲ್ಲುತ್ತೋ ನೋವು ಅಲ್ಲಿ. ಎಲ್ಲೂ ನಿಲ್ಲಲಿಲ್ಲ. ನೋವಿನ ಇಂಜೆಕ್ಷನ್ ಹಾಕಿದ ದಿನ ಮಾತ್ರ ನೆಟ್ಟಗೆ ನಡೀತಿತ್ತು.

"ಅಂಥ ದಿನವೇ ಸಿದ್ಧಗಂಗೆ ಜಾತ್ರೇಲಿ ಮಾರ್ಬಿಡಿ ಚಿಕ್ಕಪ್ಪ" ಅಂದೆ. ಕಾಯಿಲೆ ಏನೂಂತ ಡಾಕ್ಟರಿಗೇ ಗೊತ್ತಿಲ್ಲ, ಇನ್ನು ನಾವು ಮುಚ್ಚಿಟ್ಟಿದ್ದೇನು? ಆಫೀಸಿನಲ್ಲಿ ಇಂಥ ವಾದ ದಿನಾ ಮಾಡ್ತೀವಿ, ಗೆಲ್ತೀವಿ ಕೂಡ.

"ಕುಂಟೋದು ಗೊತ್ತಲ್ಲೋ. ತಗೊಂಡೋನು ಮಾರನೇ ದಿನ ನೇಗಿಲಿಗೆ ಕಟ್ತಾನೆ" ಅಂದ್ರು.

ಎತ್ತು ಈಗಲೂ ಕೊಟ್ಟಿಗೆಯಲ್ಲಿದೆ. ಮೇವಿನ ದುಡ್ಡು ನಾನು ಕಳಿಸ್ತೀನಿ. ಅದು ಕರುಣೆಯೋ, ಆಡಿದ ಮಾತಿಗೆ ದಂಡವೋ, ಚಿಕ್ಕಪ್ಪ ಕೇಳಿಲ್ಲ.