ಅಷ್ಟಾಹ್ನಿಕ ಪರ್ವವೂ ಮನೆಯ ಮಕ್ಕಳೂ

॥ ಶ್ರೀ ವೀತರಾಗಾಯ ನಮಃ ॥



ಶರದೃತುವಿನ ಕಡೆಯ ಭಾಗದಲ್ಲಿ, ದೀಪಾವಳಿಯ ಹಣತೆಗಳು ಆರಿ ಒಂದು ವಾರ ಕಳೆಯುವಷ್ಟರಲ್ಲಿ, ಕಾರ್ತಿಕ ಶುಕ್ಲ ಅಷ್ಟಮಿ ಬರುತ್ತದೆ. ಅಂದಿನಿಂದ ಪೂರ್ಣಿಮೆಯವರೆಗಿನ ಎಂಟು ದಿನಗಳಿಗೆ ಅಷ್ಟಾಹ್ನಿಕ ಪರ್ವವೆಂದು ಹೆಸರು. ಆಷಾಢ, ಕಾರ್ತಿಕ, ಫಾಲ್ಗುಣ ಮಾಸಗಳಲ್ಲಿ, ಹೀಗೆ ವರ್ಷಕ್ಕೆ ಮೂರು ಸಲ ಈ ಪರ್ವವು ಒದಗುತ್ತದೆ. ಉತ್ತರದ ಪಂಚಾಂಗಕ್ಕೂ ದಕ್ಷಿಣದ ಪಂಚಾಂಗಕ್ಕೂ ಕೃಷ್ಣಪಕ್ಷದ ಮಾಸದ ಹೆಸರಿನಲ್ಲಿ ಭೇದವುಂಟು, ಶುಕ್ಲಪಕ್ಷದಲ್ಲಿ ಭೇದವಿಲ್ಲ. ಆದಕಾರಣ ಮನೆಯಲ್ಲಿ ಕನ್ನಡವಾಡುವವರಿಗೂ ಮರಾಠಿ ಅಥವಾ ಹಿಂದಿಯನ್ನಾಡುವವರಿಗೂ ಈ ಎಂಟು ತಿಥಿಗಳು ಒಂದೇ ಹೆಸರಿನಿಂದ ಬರುತ್ತವೆ.

ಇದನ್ನು ನಂದೀಶ್ವರ ಪರ್ವವೆಂದೂ ಕರೆಯುವುದುಂಟು. ಜಂಬೂದ್ವೀಪದಿಂದ ಎಣಿಸಿದರೆ ಎಂಟನೆಯದು ನಂದೀಶ್ವರ ದ್ವೀಪ. ಅಲ್ಲಿ ದಿಕ್ಕಿಗೆ ಒಂದರಂತೆ ಅಂಜನಗಿರಿ, ನಾಲ್ಕರಂತೆ ದಧಿಮುಖ, ಎಂಟರಂತೆ ರತಿಕರ ಪರ್ವತಗಳು. ಒಂದು ದಿಕ್ಕಿಗೆ 13, ನಾಲ್ಕು ದಿಕ್ಕಿಗೆ 52. ಆ 52 ಪರ್ವತಗಳ ಮೇಲೆ 52 ಅಕೃತ್ರಿಮ ಜಿನಾಲಯಗಳು. ಈ ಎಂಟು ದಿನಗಳಲ್ಲಿ ದೇವತೆಗಳು ಅಲ್ಲಿಗೆ ಹೋಗಿ ಜಿನಬಿಂಬಗಳನ್ನು ಪೂಜಿಸುತ್ತಾರೆ. ಮನುಷ್ಯರಿಗೆ ಆ ಭಾಗ್ಯವಿಲ್ಲ. ಪುಷ್ಕರ ದ್ವೀಪದ ನಡುವೆ ನಿಂತಿರುವ ಮಾನುಷೋತ್ತರ ಪರ್ವತವನ್ನು ಮನುಷ್ಯಮಾತ್ರರು ದಾಟಲಾರರು.

ಈ ದ್ವೀಪಗಳ ವರ್ಣನೆಯುಳ್ಳ ಯತಿವೃಷಭಾಚಾರ್ಯರ ಪ್ರಾಕೃತ ಗ್ರಂಥ ‘ತಿಲೋಯಪಣ್ಣತ್ತಿ’ಯು ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಯಲ್ಲಿ 1943 ಮತ್ತು 1951ರಲ್ಲಿ ಎರಡು ಭಾಗಗಳಾಗಿ ಪ್ರಕಟವಾಯಿತೆಂಬುದು ಈ ಸೀಮೆಯ ಶ್ರಾವಕರಿಗೆ ಅಭಿಮಾನದ ಸಂಗತಿ. ಅದನ್ನು ಸಂಪಾದಿಸಿದವರಲ್ಲಿ ಒಬ್ಬರು ಬೆಳಗಾವಿ ಜಿಲ್ಲೆಯ ಸದಲಗಾದ ಡಾ. ಆ. ನೇ. ಉಪಾಧ್ಯೆ, ಇನ್ನೊಬ್ಬರು ಹಿಂದೀ ನಾಡಿನ ಡಾ. ಹೀರಾಲಾಲ ಜೈನ. ಭಾಷೆ ಬೇರೆಯಾದರೂ ಕಾರ್ಯ ಒಂದೇ ಆಯಿತು.

ದೇವತೆಗಳು ನಂದೀಶ್ವರಕ್ಕೆ ಹೋದರೆ ಮನುಷ್ಯನು ಎಲ್ಲಿಗೆ ಹೋಗಬೇಕು? ತನ್ನ ಊರಿನ ಬಸದಿಗೆ, ಎಂಬುದು ಮೊದಲ ಉತ್ತರ. ಆದರೆ ಬಸದಿಯಲ್ಲಿ ಕಳೆಯುವುದು ದಿನಕ್ಕೆ ಒಂದೆರಡು ಗಂಟೆ. ಉಳಿದ ಹೊತ್ತೆಲ್ಲ ಗೃಹಸ್ಥನು ಇರುವುದು ಅಂಗಡಿಯಲ್ಲಿ, ಮನೆಯಲ್ಲಿ, ಮಕ್ಕಳ ನಡುವೆ. ಪರ್ವದ ಪರೀಕ್ಷೆ ನಡೆಯುವುದೂ ಅಲ್ಲಿಯೇ. ಆದಿತೀರ್ಥಂಕರ ವೃಷಭನಾಥ ಸ್ವಾಮಿಯು ದೀಕ್ಷೆಗೆ ಮುನ್ನ, ಗೃಹಸ್ಥಾಶ್ರಮದಲ್ಲಿದ್ದಾಗ, ಬ್ರಾಹ್ಮಿ ಮತ್ತು ಸೌಂದರಿಯರೆಂಬ ಪುತ್ರಿಯರನ್ನು ಹತ್ತಿರ ಕೂರಿಸಿಕೊಂಡು ಒಬ್ಬಳಿಗೆ ಅಕ್ಷರವನ್ನೂ ಒಬ್ಬಳಿಗೆ ಅಂಕಿಯನ್ನೂ ಕಲಿಸಿದನೆಂದು ಆದಿಪುರಾಣವು ಹೇಳುತ್ತದೆ. ಜಗತ್ತಿಗೆ ಗುರುವಾಗುವವನು ಮೊದಲು ತನ್ನ ಮನೆಯ ಮಕ್ಕಳಿಗೆ ಗುರುವಾದನು. ಗೃಹಸ್ಥರು ಮರೆಯಬಾರದ ಮಾತಿದು.

ಗಡಿ ಸೀಮೆಯ ಒಂದು ಮನೆಯ ಎಂಟು ದಿನಗಳನ್ನು ದೃಷ್ಟಾಂತವಾಗಿ ನೋಡಬಹುದು. ಮನೆಯ ಯಜಮಾನರು ಬಿತ್ತನೆ ಬೀಜದ ವ್ಯಾಪಾರಿ. ಅಜ್ಜಿ ಕನ್ನಡದವರು, ಸೊಸೆ ಮರಾಠಿ ಮನೆತನದಿಂದ ಬಂದವಳು. ಮೂರನೆಯ ಇಯತ್ತೆಯಲ್ಲಿ ಓದುವ ಮೊಮ್ಮಗಳು ಒಬ್ಬಳು, ನಾಲ್ಕು ವರ್ಷದ ಮೊಮ್ಮಗ ಒಬ್ಬ. ಊರ ಹೊರಗೆ ಹಿಂಗಾರಿ ಜೋಳವು ಹಸಿರಾಗಿ ಎದ್ದು ನಿಂತಿದ್ದ ಕಾಲ. ಆ ವರ್ಷ ಅಜ್ಜನವರು ಎಂಟು ದಿನ ಏಕಭುಕ್ತವನ್ನೂ, ಮನೆಮಂದಿಗೆಲ್ಲ ರಾತ್ರಿಭೋಜನ ತ್ಯಾಗವನ್ನೂ ನಿಶ್ಚಯಿಸಿದರು. ನಿಶ್ಚಯಿಸುವಾಗ ಮನೆಮಂದಿಯನ್ನು ಕೇಳಲಿಲ್ಲ.

ಅಷ್ಟಮಿಯ ಬೆಳಿಗ್ಗೆ ಅಜ್ಜಿಯು ಮಣೆಯ ಮೇಲೆ ಅಕ್ಷತೆಯಿಂದ ನಂದೀಶ್ವರವನ್ನು ರಚಿಸತೊಡಗಿದರು. ಅಜ್ಜಿ ಕನ್ನಡದಲ್ಲಿ ಎಣಿಸಿದರು, ಮೊಮ್ಮಗಳು ಮರಾಠಿಯಲ್ಲಿ ಎಣಿಸಿದಳು, ಚಿಕ್ಕವನು ಶಾಲೆಯ ಇಂಗ್ಲಿಷಿನಲ್ಲಿ ಹತ್ತರವರೆಗೆ ಎಣಿಸಿ ಮತ್ತೆ ಒಂದರಿಂದ ಆರಂಭಿಸಿದನು. ಎರಡು ಸಲ ಲೆಕ್ಕ ತಪ್ಪಿತು. ಮೂರನೆಯ ಸಲ ಗುಂಪುಗಳು ಸರಿಯಾಗಿ ಐವತ್ತೆರಡಾದವು. ಮಕ್ಕಳಿಗೆ ಪರ್ವದ ಅರ್ಥ ತಿಳಿಯದಿದ್ದರೂ ಪರ್ವದ ಸಂತೋಷ ತಿಳಿಯಿತು.

ನವಮಿಯಂದು ಚಿಕ್ಕವನು ತಾಯಿಯ ಮೊಬೈಲಿನಲ್ಲಿ ಹಕ್ಕಿಗಳನ್ನು ಗುಂಡಿಟ್ಟು ಕೊಲ್ಲುವ ಆಟವಾಡುತ್ತ ಕೂತಿದ್ದನು. ಅಜ್ಜಿ ಅವನನ್ನು ಗದರಿಸಲಿಲ್ಲ. ಹತ್ತಿರ ಕರೆದು, ಜನ್ನಕವಿಯು 1209ರಲ್ಲಿ ಕನ್ನಡದಲ್ಲಿ ಬರೆದ ಯಶೋಧರ ಚರಿತೆಯ ಕಥೆಯನ್ನು ಹೇಳಿದರು. ಯಶೋಧರನು ತಾಯಿಯ ಮಾತಿಗೆ ಕಟ್ಟುಬಿದ್ದು ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಪಾಪಕ್ಕೆ ತಾಯಿ ಮಗ ಇಬ್ಬರೂ ತಿರ್ಯಂಚ ಗತಿಯಲ್ಲಿ ಜನ್ಮಜನ್ಮ ಅಲೆದರು. “ಹಿಟ್ಟಿಗೆ ಜೀವ ಇರಲಿಲ್ಲವಲ್ಲ ಅಜ್ಜಿ?” ಎಂದು ಮಗು ಕೇಳಿತು. “ಹಿಟ್ಟಿಗೆ ಇರಲಿಲ್ಲ, ಕತ್ತಿ ಹಿಡಿದ ಕೈಗೆ ಇತ್ತಲ್ಲ” ಎಂದರು ಅಜ್ಜಿ. ಸಂಕಲ್ಪದಲ್ಲಿಯೇ ಹಿಂಸೆಯ ಬೇರು ಇದೆಯೆಂಬ ತತ್ತ್ವವನ್ನು ಇದಕ್ಕಿಂತ ಸುಲಭವಾಗಿ ಹೇಳುವುದು ಕಷ್ಟ.

ದಶಮಿಯಂದು ಸಗಟು ವ್ಯಾಪಾರಿಯೊಬ್ಬರು ಬಾಕಿಗಾಗಿ ಫೋನು ಮಾಡಿದರು. ಫೋನನ್ನು ಎತ್ತಿಕೊಂಡ ಮೊಮ್ಮಗಳಿಗೆ ಅಜ್ಜನವರು ಕೈಸನ್ನೆ ಮಾಡಿದರು. ಹುಡುಗಿಯು “ಅಜ್ಜ ಊರಲ್ಲಿಲ್ಲ” ಎಂದು ಹೇಳಿ ಫೋನನ್ನು ಇಟ್ಟಳು. ಅಜ್ಜನವರು ಜಪಮಾಲೆಯನ್ನು ಮತ್ತೆ ಕೈಗೆತ್ತಿಕೊಂಡರು. ಮನೆಯಲ್ಲಿ ಯಾರೂ ಅದನ್ನು ದೊಡ್ಡದೆಂದು ತಿಳಿಯಲಿಲ್ಲ.

ಕಾರ್ತಿಕ ಮಾಸದಲ್ಲಿ ಈ ಸೀಮೆಯಲ್ಲಿ ಸಂಜೆ ಆರು ಗಂಟೆಯೊಳಗೇ ಸೂರ್ಯಾಸ್ತವಾಗುತ್ತದೆ. ದೀಪ ಹಚ್ಚಿದ ಕೂಡಲೆ ಹುಳುಗಳು ಮುತ್ತುತ್ತವೆ. ರಾತ್ರಿಭೋಜನವನ್ನು ಪೂರ್ವಾಚಾರ್ಯರು ಏಕೆ ನಿಷೇಧಿಸಿದರೆಂಬುದು ಇಂಥ ಸಂಜೆಯಲ್ಲಿ ಕಣ್ಣಿಗೇ ಕಾಣುತ್ತದೆ. ಏಕಾದಶಿಯಂದು ಶಾಲೆಯ ಬಸ್ಸು ತಡವಾಯಿತು. ಮೊಮ್ಮಗಳು ಮನೆ ಸೇರಿದಾಗ ಆರೂಕಾಲು. ಮಧ್ಯಾಹ್ನ ಹನ್ನೆರಡಕ್ಕೆ ಡಬ್ಬಿ ಉಂಡ ಮಗು ಹಸಿವೆಂದಿತು. “ವ್ರತವೆಂದರೆ ವ್ರತ, ನಾಳೆ ಬೆಳಿಗ್ಗೆಯೇ ಊಟ” ಎಂದರು ಅಜ್ಜನವರು. ತಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಸುಮ್ಮನಾದಳು. ತಂದೆ ಅಂಗಡಿಯಲ್ಲಿದ್ದನು. ಮಗು ಅಳುತ್ತ ನಿದ್ರೆಹೋಯಿತು.

ದ್ವಾದಶಿಯಂದೂ ಬಸ್ಸು ತಡವಾಯಿತು. ಅಂದು ಮಗು ಏನನ್ನೂ ಕೇಳಲಿಲ್ಲ. ಕತ್ತಲೆಯಾದ ಮೇಲೆ ದೀಪಾವಳಿಯ ಚಿವಡಾ ಇದ್ದ ಡಬ್ಬಿಯನ್ನು ಬಾಗಿಲ ಹಿಂದಕ್ಕೆ ಒಯ್ದು ತಿಂದಿತು. ಬಾಯ ಅಂಚಿನಲ್ಲಿ ಅವಲಕ್ಕಿಯ ಚೂರನ್ನು ಕಂಡ ಅಜ್ಜನವರು ತಿಂದೆಯಾ ಎಂದು ಕೇಳಿದರೆ “ಇಲ್ಲ” ಎಂದಿತು. “ಪರ್ವದ ದಿನ ಸುಳ್ಳೇ! ಈ ಮನೆಯಲ್ಲಿ ಹುಟ್ಟಿ ಸುಳ್ಳನ್ನು ಎಲ್ಲಿ ಕಲಿತೆ?” ಎಂದು ಅವರು ಗುಡುಗಿದರು. ಹುಡುಗಿ ತಲೆತಗ್ಗಿಸಿ ನಿಂತಳು. ಉತ್ತರ ಕೊಟ್ಟವನು ಚಿಕ್ಕವನು: “ಅಜ್ಜ ಊರಲ್ಲಿಲ್ಲ ಅಂತ ಹೇಳಲು ನೀವೇ ಕಲಿಸಿದಿರಲ್ಲ ಅಜ್ಜ.”

ಮನೆ ನಿಶ್ಶಬ್ದವಾಯಿತು. ನಾಲ್ಕು ವರ್ಷದ ಮಗುವಿಗೆ ಯಾರನ್ನೂ ನಿಂದಿಸುವ ಉದ್ದೇಶವಿರಲಿಲ್ಲ. ಕೇಳಿದ ಪ್ರಶ್ನೆಗೆ ತಿಳಿದ ಉತ್ತರವನ್ನು ಕೊಟ್ಟಿತ್ತು. ಅಜ್ಜನವರು ಒಳಗೆ ಹೋಗಿ ಕೂತರು. ಅಜ್ಜಿ ಹಿಂದೆಯೇ ಹೋಗಿ ಇಷ್ಟೇ ನುಡಿದರು: “ಬೆಳೆಯನ್ನು ನೋಡಿ ಬೈದರೇನು ಬಂತು? ಬೀಜ ಯಾರ ಅಂಗಡಿಯದೆಂದು ಮೊದಲು ನೋಡಬೇಕು.”

ಮೂವತ್ತು ವರ್ಷ ಬೀಜ ಮಾರಿದ ವ್ಯಾಪಾರಿಗೆ ಆ ಮಾತು ನಾಟಿತು. ರಾತ್ರಿ ನಿದ್ರೆ ಬಾರದೆ, ಸ್ವಾಧ್ಯಾಯಕ್ಕಾಗಿ ಇಟ್ಟುಕೊಂಡಿದ್ದ ತತ್ತ್ವಾರ್ಥಸೂತ್ರವನ್ನು ತೆರೆದರು. ಉಮಾಸ್ವಾಮಿ ಆಚಾರ್ಯರ ಈ ಗ್ರಂಥವು ದಿಗಂಬರ, ಶ್ವೇತಾಂಬರ ಎರಡೂ ಸಂಪ್ರದಾಯಗಳಿಗೆ ಮಾನ್ಯ. ಅದರ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳು ಹೇಳಲ್ಪಟ್ಟಿವೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಶಕ್ತಿಮೀರಿ ಹೊರೆ ಹೊರಿಸುವುದು, ಅನ್ನನೀರನ್ನು ತಡೆಯುವುದು. ಇವನ್ನು ಎತ್ತು, ಕುದುರೆ, ಆಳುಗಳ ವಿಷಯದಲ್ಲಿಯೇ ಓದುವ ವಾಡಿಕೆ. ಹಸಿದು ಬಂದ ಮಗುವಿಗೆ ಅನ್ನವನ್ನು ನಿರಾಕರಿಸಿದ ದಿನ ಐದನೆಯ ಅತಿಚಾರವು ತಮ್ಮದಾಯಿತೆಂದು ಅವರಿಗೆ ಅಂದು ಹೊಳೆಯಿತು. ಮಗುವಿನ ಶಕ್ತಿಗೆ ಮೀರಿದ ವ್ರತವನ್ನು ಹೊರಿಸಿದ್ದರಿಂದ ನಾಲ್ಕನೆಯದೂ ಬಂದಿತು. ಅಹಿಂಸೆಗಾಗಿ ಹಿಡಿದ ನಿಯಮವು ಅಹಿಂಸೆಗೇ ಮಲಿನವಾಯಿತು.

ಇನ್ನು ಸುಳ್ಳಿನ ವಿಷಯ. ಜೈನಧರ್ಮದಲ್ಲಿ ಪಾಪವು ಮಾಡಿದವನಿಗೆ ಮಾತ್ರ ಅಂಟುವುದಿಲ್ಲ. ಕೃತ, ಕಾರಿತ, ಅನುಮತ ಎಂದು ಮೂರು ಬಗೆ: ತಾನು ಮಾಡುವುದು, ಮಾಡಿಸುವುದು, ಮಾಡಿದ್ದಕ್ಕೆ ಒಪ್ಪುವುದು. ಮನ, ವಚನ, ಕಾಯಗಳಿಂದ ಗುಣಿಸಿದರೆ ಒಂಬತ್ತು. ಮಗು ಆಡಿದ್ದು ಕೃತ. ಕೈಸನ್ನೆಯಿಂದ ಆಡಿಸಿದ್ದು ಕಾರಿತ. ಕಂಡೂ ಸುಮ್ಮನಿದ್ದ ಮನೆಮಂದಿಯದು ಅನುಮತ. ಒಂದು ಸಣ್ಣ ಸುಳ್ಳಿನ ಖಾತೆಯಲ್ಲಿ ಮನೆಯವರೆಲ್ಲರ ಹೆಸರೂ ಇತ್ತು. ಶಿಕ್ಷೆ ಮಾತ್ರ ಎಲ್ಲರಿಗಿಂತ ಚಿಕ್ಕ ಪಾಲುದಾರಳಿಗೆ ದೊರೆಯಿತು.

ತ್ರಯೋದಶಿಯ ಬೆಳಿಗ್ಗೆ ಅಜ್ಜನವರು ಬಸದಿಯಿಂದ ಬಂದವರೇ ಸಗಟು ವ್ಯಾಪಾರಿಗೆ ತಾವೇ ಫೋನು ಮಾಡಿ, ಅಂದು ಮನೆಯಲ್ಲಿಯೇ ಇದ್ದೆನೆಂದೂ, ಪೂರ್ಣಿಮೆಯ ಮರುದಿನ ಅರ್ಧ ಬಾಕಿಯನ್ನು ಕಳುಹಿಸುವೆನೆಂದೂ ಹೇಳಿದರು. ಮೊಮ್ಮಗಳು ಎದುರಿಗೇ ಇದ್ದಳು. ಬಳಿಕ ಅವಳನ್ನು ಹತ್ತಿರ ಕೂರಿಸಿಕೊಂಡು ಕೈಮುಗಿದು ‘ಮಿಚ್ಛಾಮಿ ದುಕ್ಕಡಂ’ ಎಂದರು. ಪ್ರತಿಕ್ರಮಣದಲ್ಲಿ ನೂರಾರು ಸಲ ಉಚ್ಚರಿಸಿದ ಮಾತೇ ಅದು. ಎದುರಿಗೆ ಎಂಟು ವರ್ಷದ ಮಗುವನ್ನು ಇಟ್ಟುಕೊಂಡು ಹೇಳುವಾಗ ಅವರ ಗಂಟಲು ಕಟ್ಟಿತು. ಹುಡುಗಿಗೆ ಸಂಕೋಚವಾಯಿತು. ಸ್ವಲ್ಪ ಹೊತ್ತಿನ ಮೇಲೆ “ಇನ್ನು ಮುಂದೆ ಫೋನು ಬಂದರೆ ನಾನು ಎತ್ತಬೇಕೇ ಬೇಡವೇ?” ಎಂದು ಕೇಳಿದಳು. “ಎತ್ತು. ಇದ್ದದ್ದನ್ನು ಇದ್ದಂತೆ ಹೇಳು” ಎಂದರು ಅಜ್ಜನವರು. ತಾನು ಚಿವಡಾ ತಿಂದದ್ದು ನಿಜವೆಂದು ಅವಳು ಆಗ ತಾನಾಗಿಯೇ ಒಪ್ಪಿಕೊಂಡಳು.

ವ್ರತದ ಮಾತನ್ನು ಅಂದು ಮೊದಲ ಬಾರಿಗೆ ಎಲ್ಲರೂ ಕೂತು ಆಡಿದರು. ತೀರ್ಥಂಕರ ನಾಮಕರ್ಮಕ್ಕೆ ಕಾರಣವಾದ ಷೋಡಶ ಭಾವನೆಗಳಲ್ಲಿ ಶಕ್ತಿಗನುಸಾರವಾದ ತ್ಯಾಗ, ಶಕ್ತಿಗನುಸಾರವಾದ ತಪ ಎಂದೇ ಹೇಳಿದೆ. ಶಕ್ತಿಯನ್ನು ಬಚ್ಚಿಡಬಾರದು, ಶಕ್ತಿಯನ್ನು ಮೀರಲೂ ಬಾರದು. ರಾತ್ರಿಭೋಜನ ತ್ಯಾಗವನ್ನು ಬಿಡಬೇಕೆಂದು ಯಾರೂ ಹೇಳಲಿಲ್ಲ. ಅದನ್ನು ನಡೆಸಿಕೊಡುವ ಹೊಣೆ ದೊಡ್ಡವರದೆಂದು ನಿರ್ಧಾರವಾಯಿತು. ಸೊಸೆಯು ಮಧ್ಯಾಹ್ನದ ಡಬ್ಬಿಯ ಜೊತೆಗೆ ಶಾಲೆ ಬಿಡುವ ಹೊತ್ತಿಗೆ ತಿನ್ನಲು ಭಾಕರಿ ಪಲ್ಯದ ಇನ್ನೊಂದು ಡಬ್ಬಿಯನ್ನೂ, ಸೋಸಿ ಕಾಯಿಸಿದ ನೀರನ್ನೂ ಕಟ್ಟಿದಳು. ಅದನ್ನು ಸೂರ್ಯನಿರುವಾಗಲೇ ಬಸ್ಸಿಗಾಗಿ ಕಾಯುತ್ತ ತಿನ್ನಬೇಕೆಂದು ಮಗುವಿಗೆ ತಿಳಿಸಲಾಯಿತು. ಚತುರ್ದಶಿಯಂದು ಬಸ್ಸು ಮತ್ತೆ ತಡವಾಯಿತು. ಹುಡುಗಿ ಖಾಲಿ ಡಬ್ಬಿಯನ್ನು ಕೈಯಲ್ಲಿ ಹಿಡಿದೇ ಇಳಿದಳು. ಅಂಗಡಿಯನ್ನು ಮಗನಿಗೆ ಒಪ್ಪಿಸಿ ಬಂದ ಅಜ್ಜನವರು ಬಸ್ಸು ನಿಲ್ಲುವ ತಿರುವಿನಲ್ಲಿ ಅವಳಿಗಾಗಿ ಕಾಯುತ್ತಿದ್ದರು.

ಪೂರ್ಣಿಮೆಯಂದು ಬಸದಿಯಲ್ಲಿ ಅಷ್ಟಾಹ್ನಿಕ ಪೂಜೆ ಸಂಪನ್ನವಾಯಿತು. ಐವತ್ತೆರಡು ಜಿನಾಲಯಗಳಿಗೆ ಅರ್ಘ್ಯ ಸಲ್ಲುವಾಗ ಮಕ್ಕಳಿಬ್ಬರೂ ಅಕ್ಷತೆಯನ್ನು ಮುಷ್ಟಿಯಲ್ಲಿ ಹಿಡಿದು ಅಜ್ಜನ ಪಕ್ಕದಲ್ಲಿ ನಿಂತಿದ್ದರು. ನಂದೀಶ್ವರವು ಎಂದಿನಷ್ಟೇ ದೂರವಿತ್ತು.

ಮಕ್ಕಳಿಗೆ ಧರ್ಮವನ್ನು ಕಲಿಸಬೇಕೆಂದು ಎಲ್ಲ ತಂದೆತಾಯಿಗಳೂ ಬಯಸುತ್ತಾರೆ. ಪಾಠಶಾಲೆಗೆ ಕಳುಹಿಸುತ್ತಾರೆ, ಣಮೋಕಾರ ಮಂತ್ರವನ್ನು ಬಾಯಿಪಾಠ ಮಾಡಿಸುತ್ತಾರೆ. ಅವು ಬೇಕು. ಆದರೆ ಮಗು ದಿನವಿಡೀ ಓದುವ ಶಾಸ್ತ್ರ ಒಂದೇ, ಅದು ಮನೆಯ ಹಿರಿಯರ ನಡತೆ. ಅಲ್ಲಿ ತಪ್ಪಿದ್ದರೆ ಮಗು ತಪ್ಪನ್ನು ಓದುತ್ತದೆ. ತಪ್ಪನ್ನು ಒಪ್ಪಿ ತಿದ್ದಿಕೊಂಡರೆ ಅದನ್ನೂ ಓದುತ್ತದೆ. ತಪ್ಪೇ ಇಲ್ಲದ ಹಿರಿಯರು ಯಾವ ಮನೆಯಲ್ಲಿಯೂ ಇಲ್ಲ. ಒಪ್ಪಿಕೊಳ್ಳುವ ಹಿರಿಯರು ಎಲ್ಲ ಮನೆಯಲ್ಲಿಯೂ ಇರಲು ಸಾಧ್ಯ. ಕ್ಷಮೆಯನ್ನು ಕನ್ನಡದಲ್ಲಿ ಕೇಳಿದರೂ ಮರಾಠಿಯಲ್ಲಿ ಕೇಳಿದರೂ ಮಗುವಿಗೆ ಅರ್ಥವಾಗುತ್ತದೆ.

ಬರುವ ಅಷ್ಟಾಹ್ನಿಕದಲ್ಲಿ ಪ್ರತಿಯೊಬ್ಬ ಶ್ರಾವಕ ಶ್ರಾವಿಕೆಯರೂ ವ್ರತವನ್ನು ಸ್ವೀಕರಿಸುವ ಮುನ್ನ ಒಂದು ಗಳಿಗೆ ಮನೆಯ ಮಕ್ಕಳ ಮುಖವನ್ನು ನೋಡಲಿ. ಅವರ ಹಸಿವನ್ನೂ ಭಯವನ್ನೂ ವಿಚಾರಿಸಲಿ. ಆಮೇಲೆ ದೀಪವನ್ನು ಬೆಳಗಲಿ.

ಎಲ್ಲ ಜೀವರಿಗೂ ಮಂಗಲವಾಗಲಿ.

॥ ಜೈ ಜಿನೇಂದ್ರ ॥