ಹದ ತಪ್ಪಿದ ನೆರವು

ತಡವಾಗಿ ಮಾಡಿದ ಉಪಕಾರ ಉಪಕಾರವೇ?

ನಮ್ಮ ಹಾವೇರಿ ಸೀಮೆಯಲ್ಲಿ ಮುಂಗಾರಿನ ಗೋವಿನಜೋಳವನ್ನು ಜೂನ್-ಜುಲೈನಲ್ಲಿ ಬಿತ್ತುವುದು ವಾಡಿಕೆ. ಬಿತ್ತಿದ ಸುಮಾರು 55 ದಿನಕ್ಕೆ ತೆನೆಯ ತುದಿಯಲ್ಲಿ ರೇಷ್ಮೆಯಂಥ ಎಳೆ ಮೂಡುತ್ತದೆ. ಆ ದಿನಗಳಲ್ಲಿ ನೀರು ತಪ್ಪಿದರೆ ಪರಾಗಸ್ಪರ್ಶ ಕೆಟ್ಟು ಕಾಳು ಕಟ್ಟದು. ಆಮೇಲೆ ಮಳೆ ಸುರಿದರೂ ಆ ನಷ್ಟ ತುಂಬದು.

ಒಂದು ವರ್ಷ ತಮ್ಮ ಬೀಜ-ಗೊಬ್ಬರಕ್ಕೆ ಹಣ ಕೇಳಿದ್ದ. 'ಮುಂದಿನ ಸಂಬಳಕ್ಕೆ ನೋಡೋಣ' ಎನ್ನುತ್ತ ಎರಡು ಸಂಬಳ ದಾಟಿಸಿದೆ. ಬಿತ್ತನೆಯಾದದ್ದು ಆಗಸ್ಟ್ ಕೊನೆಗೆ. ಎಳೆ ಮೂಡುವ ಹೊತ್ತಿಗೆ ಮಳೆ ಹಿಂದೆಗೆದಿತ್ತು. ಸಂಕ್ರಾಂತಿಗೆ ಹೋದಾಗ ತಮ್ಮ ದೂರಲಿಲ್ಲ. 'ಅಣ್ಣಾ, ನೀ ಕಳ್ಸಿದ್ಯಲ್ಲ, ಅಷ್ಟ ಸಾಕು' ಎಂದ. ಕಾಳಿಲ್ಲದ ತೆನೆ ಹಿಡಿದು ತಲೆ ತಗ್ಗಿಸಿದೆ.

ಕರ್ತವ್ಯಕ್ಕೂ ಹದವುಂಟು. ಊರಿಗೆ ಹಣ ಕಳಿಸುವ ನಾವು ಎಷ್ಟು ಎಂದಷ್ಟೇ ಅಲ್ಲ, ಯಾವಾಗ ಎಂದೂ ಕೇಳಿಕೊಳ್ಳಬೇಕು.